ಮನೆ ಸೇರದ ಅಡ್ಮಿರಲ್

ಟ್ರಫಾಲ್ಗರ್ ಎಂದೊಡನೆ ನಮಗೆ ನೆನಪಾಗುವುದು ನೆಲ್ಸನ್ ಒಬ್ಬನೇ. ಶಾಲೆಯ ಚರಿತ್ರೆ ಪಾಠಗಳು ನಮಗೆ ಕಲಿಸಿದ್ದೂ ಅಷ್ಟೇ. 1805ರ ಅಕ್ಟೋಬರ್ 21ರಂದು ಸ್ಪೇನಿನ ತೀರದಾಚೆ ಫ್ರಾನ್ಸ್ ಮತ್ತು ಸ್ಪೇನಿನ ಜಂಟಿ ನೌಕಾಪಡೆಯನ್ನು ಬ್ರಿಟನ್ ಸೋಲಿಸಿತು. ಗೆಲುವು ಕೈಗೂಡುತ್ತಿದ್ದ ಹೊತ್ತಿನಲ್ಲೇ ನೆಲ್ಸನ್ ಮಡಿದ. ಲಂಡನ್ನಿನ ನಡುಚೌಕದಲ್ಲಿ ಎತ್ತರದ ಕಂಬದ ಮೇಲೆ ಇಂದಿಗೂ ನಿಂತಿದ್ದಾನೆ. ಆದರೆ ಆ ದಿನ ಶತ್ರುವಿನ ಸಾಲನ್ನು ಮೊದಲು ಭೇದಿಸಿದ ಹಡಗು ನೆಲ್ಸನ್ನನದಲ್ಲ. ಆತ ಸತ್ತ ಸಂಜೆ ಪಡೆಯ ಭಾರವನ್ನು ಹೆಗಲಿಗೇರಿಸಿಕೊಂಡವನು, ಆನಂತರ ನಾಲ್ಕು ವರ್ಷಕ್ಕೂ ಮಿಕ್ಕಿ ಮೆಡಿಟರೇನಿಯನ್ ಕಡಲನ್ನು ಕಾದವನು ಬೇರೊಬ್ಬ. ಅವನ ಹೆಸರು ಕತ್‌ಬರ್ಟ್ ಕಾಲಿಂಗ್‌ವುಡ್.

ಕಾಲಿಂಗ್‌ವುಡ್‌ನ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವನು ಗೆದ್ದ ಕದನಗಳಲ್ಲ. ಅವನು ಮನೆಗೆ ಬರೆದ ಕಾಗದಗಳು. ಸುಮಾರು ಐವತ್ತು ವರ್ಷಗಳ ಸೇವೆಯಲ್ಲಿ ನಲವತ್ತನಾಲ್ಕು ವರ್ಷಗಳನ್ನು ಆತ ಕಾರ್ಯಾಚರಣೆಯಲ್ಲೇ, ಬಹುಪಾಲು ತಾಯ್ನಾಡಿನ ಹೊರಗೇ ಕಳೆದ. 1793ರಿಂದ ಸಾಯುವ ತನಕದ ಹದಿನೇಳು ವರ್ಷಗಳಲ್ಲಿ ಇಂಗ್ಲೆಂಡಿನ ನೆಲದ ಮೇಲೆ ಅವನು ಕಳೆದದ್ದು ಒಟ್ಟಾರೆ ಒಂದು ವರ್ಷದಷ್ಟು ಕಾಲ. ಹೀಗೆ ಬದುಕಿದವನನ್ನು ಅವನ ದೇಶ ಕುಟುಂಬವತ್ಸಲನೆಂದು ನೆನೆಯುತ್ತದೆ. ಇದು ವಿರೋಧಾಭಾಸದಂತೆ ಕಾಣುತ್ತದೆ. ಆದರೆ ಕಾಗದಗಳನ್ನು ಓದಿದವರಿಗೆ ಆ ಮಾತು ಸುಳ್ಳಲ್ಲವೆಂದು ತಿಳಿಯುತ್ತದೆ. ಸುಳ್ಳಲ್ಲದ್ದರಿಂದಲೇ ಅದು ನೋವಿನ ಸಂಗತಿ.

ಕಾಲಿಂಗ್‌ವುಡ್ ಹುಟ್ಟಿದ್ದು 1748ರಲ್ಲಿ, ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ. ತಂದೆ ವ್ಯಾಪಾರಿ, ವಂಶಕ್ಕೆ ಹೆಸರಿತ್ತು, ಕೈಯಲ್ಲಿ ಕಾಸಿರಲಿಲ್ಲ. 1761ರಲ್ಲಿ, ಇನ್ನೂ ಹದಿಮೂರು ತುಂಬದ ಹುಡುಗ, ಸಂಬಂಧಿಯೊಬ್ಬ ಕಪ್ತಾನನಾಗಿದ್ದ ಷಾನನ್ ಎಂಬ ಯುದ್ಧನೌಕೆಯನ್ನೇರಿದ. ಬಡ್ತಿಗೆ ಶಿಫಾರಸು ಬೇಕಾಗಿದ್ದ ಕಾಲವದು. ಬೆನ್ನಿಗೆ ಪ್ರಭಾವಿಗಳಿಲ್ಲದ ಈತ ಲೆಫ್ಟಿನೆಂಟ್ ಆಗಲು 1775ರವರೆಗೆ ಕಾಯಬೇಕಾಯಿತು. ಅಮೆರಿಕದ ಬಂಕರ್ ಹಿಲ್ ಕದನದಲ್ಲಿ ಮಾಡಿದ ಕೆಲಸಕ್ಕೆ ಆ ಬಡ್ತಿ ಸಿಕ್ಕಿತು.

ವೆಸ್ಟ್ ಇಂಡೀಸಿನ ಕಡಲಿನಲ್ಲಿ ಅವನಿಗೆ ನೆಲ್ಸನ್‌ನ ಗೆಳೆತನ ಬಲವಾಯಿತು. ನೆಲ್ಸನ್ ಅವನಿಗಿಂತ ಹತ್ತು ವರ್ಷ ಚಿಕ್ಕವನು. ಆದರೂ ಒಂದೊಂದೇ ಮೆಟ್ಟಿಲು ಮುಂದೆ ಹೋಗುತ್ತಿದ್ದವನು ಅವನೇ. ಅವನು ಬಿಟ್ಟ ಹಡಗಿನ ಹುದ್ದೆ ಇವನಿಗೆ ಬರುತ್ತಿತ್ತು. ಹಾಗೆ ಬಂದ ಹಡಗುಗಳಲ್ಲಿ ಹಿಂಚಿನ್‌ಬ್ರೂಕ್ ಕೂಡ ಒಂದು. 1780ರಲ್ಲಿ ಮಧ್ಯ ಅಮೆರಿಕದ ಸಾನ್ ಹುವಾನ್ ನದಿಯ ದಂಡಯಾತ್ರೆಯಲ್ಲಿ ಆ ಹಡಗಿನ ಇನ್ನೂರು ಮಂದಿಯ ಪೈಕಿ ನೂರಎಂಬತ್ತು ಮಂದಿ ಜ್ವರಕ್ಕೆ ಬಲಿಯಾದರು. ಕಾಲಿಂಗ್‌ವುಡ್ ಬದುಕಿ ಉಳಿದ. ಅವನಂತೆಯೇ ನೌಕಾಧಿಕಾರಿಯಾಗಿದ್ದ ತಮ್ಮ ವಿಲ್ಫ್ರೆಡ್ ಮುಂದೆ 1787ರಲ್ಲಿ ಅದೇ ವೆಸ್ಟ್ ಇಂಡೀಸಿನಲ್ಲಿ ತೀರಿಕೊಂಡ. ಕಡಲು ಮನೆಗಳಿಂದ ಏನನ್ನು ಕಸಿದುಕೊಳ್ಳುತ್ತದೆ ಎಂಬುದು ತಾನೇ ಸಂಸಾರಿಯಾಗುವ ಮುನ್ನ ಅವನಿಗೆ ಚೆನ್ನಾಗಿ ಗೊತ್ತಿತ್ತು.

1791ರ ಜೂನ್‌ನಲ್ಲಿ, ನಲವತ್ತೆರಡರ ವಯಸ್ಸಿನಲ್ಲಿ, ನ್ಯೂಕ್ಯಾಸಲ್‌ನ ಮೇಯರ್ ಆಗಿದ್ದ ಬ್ಲ್ಯಾಕೆಟ್ ಎಂಬಾತನ ಮಗಳು ಸಾರಾಳನ್ನು ಆತ ಮದುವೆಯಾದ. ಹತ್ತಿರದ ಮಾರ್ಪೆತ್ ಎಂಬ ಸಣ್ಣ ಊರಿನಲ್ಲಿ ದಂಪತಿ ಮನೆ ಹೂಡಿದರು. 1792ರಲ್ಲಿ ಹಿರಿಯ ಮಗಳು ಸಾರಾ, ಮರುವರ್ಷ ಕಿರಿಯವಳು ಮೇರಿ ಪೇಷನ್ಸ್ ಹುಟ್ಟಿದರು. ಅಷ್ಟರಲ್ಲಿ 1793ರ ಫೆಬ್ರವರಿಯಲ್ಲಿ ಫ್ರಾನ್ಸ್ ಯುದ್ಧ ಸಾರಿತು. ಕರೆ ಬಂತು, ಹೊರಟ. ಹತ್ತೊಂಬತ್ತು ವರ್ಷ ತುಂಬದ ದಾಂಪತ್ಯದಲ್ಲಿ ಗಂಡ ಹೆಂಡತಿ ಒಂದೇ ಸೂರಿನಡಿ ಬಾಳಿದ ಕಾಲವನ್ನೆಲ್ಲ ಕೂಡಿಸಿದರೂ ಮೂರು ನಾಲ್ಕು ವರ್ಷ ಮೀರುವುದಿಲ್ಲ.

ಆಮೇಲಿನದು ಚರಿತ್ರೆಯ ಪುಸ್ತಕಗಳಿಗೆ ಸೇರಿದ ಕತೆ. 1794ರ ಜೂನ್ ಒಂದರ ಕದನದಲ್ಲಿ ಬಾರ್ಫ್ಲೂರ್ ಹಡಗಿನ ಕಪ್ತಾನನಾಗಿ ಕಾದಿದ. ಅದರ ಪದಕಗಳ ಪಟ್ಟಿಯಲ್ಲಿ ಅವನ ಹೆಸರು ಬಿಟ್ಟುಹೋಗಿತ್ತು. 1797ರಲ್ಲಿ ಸೇಂಟ್ ವಿನ್ಸೆಂಟ್ ಭೂಶಿರದ ಕದನದಲ್ಲಿ ಎಕ್ಸಲೆಂಟ್ ಹಡಗಿನೊಡನೆ ಮೆರೆದಾಗ ಪದಕ ತಾನಾಗಿ ಬಂತು. ಮೊದಲಿನದು ಸಿಗದೆ ಇದನ್ನು ಧರಿಸುವುದಿಲ್ಲವೆಂದು ಆತ ಪಟ್ಟುಹಿಡಿದ. ಸರ್ಕಾರ ಎರಡನ್ನೂ ಕಳಿಸಿತು. ತನ್ನ ಗೌರವದ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ನಿಂತವನು, ಮನೆಗೆ ಹೋಗುವ ಹಕ್ಕಿನ ವಿಷಯದಲ್ಲಿ ಮಾತ್ರ ಎಂದೂ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ ಎಂಬುದನ್ನು ನಾವು ಗಮನದಲ್ಲಿಟ್ಟುಕೊಳ್ಳಬೇಕು.

ನಾವಿಕರ ಬೆನ್ನ ಮೇಲೆ ಚಾಟಿಯೇ ಶಿಸ್ತು ಬರೆಯುತ್ತಿದ್ದ ಯುಗ ಅದು. ಕಾಲಿಂಗ್‌ವುಡ್‌ಗೆ ಚಾಟಿಯೇಟೆಂದರೆ ಹೇಸಿಗೆ. ತಪ್ಪಿತಸ್ಥನಿಗೆ ಹೆಚ್ಚುವರಿ ಕೆಲಸ ಹೇರುವುದು, ಜೊತೆಯವರ ಪಂಕ್ತಿಯಿಂದ ಬೇರೆ ಕೂರಿಸುವುದು, ಇಂಥವೇ ಅವನ ಶಿಕ್ಷೆಗಳು. ಅಧಿಕಾರಿಗಳು ನಾವಿಕರನ್ನು ಒರಟಾಗಿ ಕೂಗುವಂತಿರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ನಾವಿಕ ಎಂದಾದರೂ ಕರೆಯಬೇಕೆಂಬುದು ಅವನ ಕಟ್ಟಪ್ಪಣೆ. ಹಾಗೆಂದು ಅವನ ಹಡಗಿನಲ್ಲಿ ಸಡಿಲ ಇರಲಿಲ್ಲ. ಒಂದು ಪಕ್ಕದ ಅಷ್ಟೂ ಫಿರಂಗಿಗಳನ್ನು ಮೂರೂವರೆ ನಿಮಿಷದಲ್ಲಿ ಮೂರು ಬಾರಿ ಸಿಡಿಸುವ ಚುರುಕನ್ನು ಡ್ರೆಡ್‌ನಾಟ್ ಹಡಗಿನವರಿಗೆ ಅವನು ಕಲಿಸಿದ್ದ. ಮನೆಯ ಮಕ್ಕಳಿಗೆ ಸಿಗಬೇಕಿದ್ದ ತಂದೆತನದ ಒಂದು ಪಾಲು ಈ ನೂರಾರು ಪರಮಕ್ಕಳಿಗೆ ಸಂದಿತೇನೋ ಎಂದು ನನಗೆ ಅನ್ನಿಸುವುದುಂಟು.

ಈ ದೀರ್ಘ ಸೆರೆಯ ನಡುವೆ ಒಮ್ಮೆ ಬಾಗಿಲು ತೆರೆಯಿತು. 1802ರಲ್ಲಿ ಫ್ರಾನ್ಸಿನೊಂದಿಗೆ ಆಮಿಯೆನ್ಸ್ ಒಪ್ಪಂದವಾದಾಗ ಕಾಲಿಂಗ್‌ವುಡ್ ಮಾರ್ಪೆತ್‌ಗೆ ಮರಳಿದ. ಆ ಒಂದು ವರ್ಷ ಮಕ್ಕಳಿಗೆ ಪಾಠ ಹೇಳಿದ, ಓದಿದ, ಚಿತ್ರ ಬರೆದ, ಮುದಿ ತೋಟಗಾರ ಸ್ಕಾಟ್‌ನೊಂದಿಗೆ ಮಣ್ಣು ಅಗೆದ. ಅವನನ್ನು ಕಾಣಬಂದ ಇನ್ನೊಬ್ಬ ಅಡ್ಮಿರಲ್ ತೋಟವೆಲ್ಲ ಹುಡುಕಿ, ಕೊನೆಗೆ ಆಳವಾದ ಗುಂಡಿಯೊಂದರ ತಳದಲ್ಲಿ ತೋಟಗಾರನ ಜೊತೆ ಗುದ್ದಲಿ ಹಿಡಿದು ನಿಂತಿದ್ದ ಮಿತ್ರನನ್ನು ಪತ್ತೆಹಚ್ಚಿದನಂತೆ. ತಿರುಗಾಡಲು ಹೊರಟಾಗ ಅವನ ಜೇಬಿನ ತುಂಬ ಓಕ್ ಬೀಜಗಳಿರುತ್ತಿದ್ದವು. ಬೇಲಿಸಾಲಿನಲ್ಲಿ ಎಲ್ಲಿ ಹದವಾದ ನೆಲ ಕಂಡರೂ ಒಂದೊಂದನ್ನು ಊರುತ್ತಿದ್ದ. ಒಂದು ಯುದ್ಧನೌಕೆ ಕಟ್ಟಲು ಸಾವಿರಾರು ಓಕ್ ಮರಗಳು ಬೇಕು. ಮರ ಬಲಿಯಲು ನೂರು ವರ್ಷ ಬೇಕು. ಮುಂದೊಂದು ದಿನ ದೇಶಕ್ಕೆ ಹಡಗಿನ ಮರದ ಕೊರತೆಯಾಗಬಾರದೆಂಬ ಕಾಳಜಿ ಅವನದು. ಮನೆಯಂಗಳದಲ್ಲಿ ಅಡ್ಡಾಡುವಾಗಲೂ ಕಡಲು ಅವನ ಜೇಬಿನಲ್ಲೇ ಇತ್ತು.

1803ರಲ್ಲಿ ಮತ್ತೆ ಯುದ್ಧ ಹೊತ್ತಿತು. ಹತ್ತು ಹನ್ನೊಂದರ ಎಳೆಯ ಮಕ್ಕಳಿಬ್ಬರನ್ನು ಬಿಟ್ಟು ಹೊರಟವನು ಆ ಮನೆಯ ಹೊಸಿಲನ್ನು ಮತ್ತೆ ತುಳಿಯಲಿಲ್ಲ. ಹೆಂಡತಿಯ ಮುಖವನ್ನಾಗಲೀ ಮಕ್ಕಳ ಮುಖವನ್ನಾಗಲೀ ಮತ್ತೆ ನೋಡಲಿಲ್ಲ.

ಎರಡು ವರ್ಷಗಳ ನಂತರ ಬಂದದ್ದು ಟ್ರಫಾಲ್ಗರ್. ಶತ್ರುವಿನ ಬಳಿ 33 ದೊಡ್ಡ ಹಡಗುಗಳು, ಬ್ರಿಟನ್ನಿನ ಬಳಿ 27. ಎರಡು ಸಾಲುಗಳಲ್ಲಿ ನಡೆದ ದಾಳಿಯಲ್ಲಿ ಒಂದನ್ನು ನೆಲ್ಸನ್, ಇನ್ನೊಂದನ್ನು ಕಾಲಿಂಗ್‌ವುಡ್ ನಡೆಸಿದರು. ತಳಕ್ಕೆ ಹೊಸ ತಾಮ್ರದ ತಗಡು ಹೊದಿಸಿದ್ದ ರಾಯಲ್ ಸಾವರಿನ್ ಹಡಗು ತನ್ನವರನ್ನೆಲ್ಲ ಹಿಂದಿಕ್ಕಿ ನುಗ್ಗಿತು. ಸ್ಪೇನಿನ ಭಾರಿ ಹಡಗು ಸಾಂತಾ ಆನಾದ ಹಿಂಬದಿಗೆ ಬಂದು ಫಿರಂಗಿ ಸಿಡಿಸಿತು. ಹಿಂದಿನ ಹಡಗುಗಳು ಬಂದು ಕೂಡಿಕೊಳ್ಳುವವರೆಗೆ ಕಾಲು ಗಂಟೆಯಷ್ಟು ಹೊತ್ತು ಶತ್ರುಗಳ ನಡುವೆ ಅದು ಒಂಟಿಯಾಗಿ ಕಾದಿತು. ಸಂಜೆಯ ಹೊತ್ತಿಗೆ ಆ ಹಡಗಿನಲ್ಲಿ 47 ಮಂದಿ ಸತ್ತಿದ್ದರು, 94 ಮಂದಿ ಗಾಯಗೊಂಡಿದ್ದರು. ಮೂವತ್ತು ವರ್ಷಗಳ ಗೆಳೆಯ ಇನ್ನಿಲ್ಲವೆಂಬ ಸುದ್ದಿಯೂ ಬಂದಿತ್ತು. ಅತ್ತು ಹಗುರಾಗಲು ಬಿಡುವಿರಲಿಲ್ಲ. ಕದನದ ಬೆನ್ನಿಗೇ ಭೀಕರ ಬಿರುಗಾಳಿ ಎದ್ದು ದಿನಗಟ್ಟಲೆ ಬೀಸಿತು. ಸೆರೆಸಿಕ್ಕ ಹಡಗುಗಳಲ್ಲಿ ಬಹುಪಾಲು ನಾಶವಾದವು. ತನ್ನ ಕಡೆಯ ಒಂದು ಹಡಗೂ ಮುಳುಗದಂತೆ ಕಾಲಿಂಗ್‌ವುಡ್ ನೋಡಿಕೊಂಡ. ಗಾಯಗೊಂಡ ಸ್ಪೇನಿನ ಸೆರೆಯಾಳುಗಳನ್ನು ಅವರ ನೆಲಕ್ಕೇ ಕಳಿಸಿಕೊಟ್ಟ. ಅವರಿಗೂ ಮನೆಗಳಿದ್ದವು ಎಂಬುದನ್ನು ಆತ ಮರೆಯಲಿಲ್ಲ.

ಗೆಲುವಿನ ಫಲವಾಗಿ ಬ್ಯಾರನ್ ಪದವಿ ಬಂತು, ವರ್ಷಕ್ಕೆ ಎರಡು ಸಾವಿರ ಪೌಂಡಿನ ಪಿಂಚಣಿ ಬಂತು. ಬರಬೇಕಾಗಿದ್ದ ರಜೆ ಮಾತ್ರ ಬರಲಿಲ್ಲ. ಹೊಸ ಪದವಿಗೆ ತಕ್ಕ ಠೀವಿಯಲ್ಲಿ ಸಂಸಾರ ನಡೆಸಲು ಹಣವೆಲ್ಲಿ ಎಂದು ಹಡಗಿನಲ್ಲೇ ಕುಳಿತು ಚಿಂತಿಸಿದ. ಮದುವೆಗೆ ಮುಂಚಿನಿಂದಲೂ ಜೊತೆಗಿದ್ದ ತನ್ನ ನಾಯಿ ಬೌನ್ಸ್ ಈಗ ಪ್ರಭುವಿನ ನಾಯಿಯೆಂದು ಬೀಗುತ್ತಿದೆ, ಸಾಮಾನ್ಯ ನಾಯಿಗಳನ್ನು ಲೆಕ್ಕಕ್ಕಿಡುತ್ತಿಲ್ಲ ಎಂದು ಕಾಗದದಲ್ಲಿ ತಮಾಷೆ ಮಾಡಿದ. ಗಂಡುಮಕ್ಕಳಿಲ್ಲದ್ದರಿಂದ ಆ ಪದವಿ ತನ್ನೊಡನೆ ಮುಗಿಯುವುದೆಂದು ತಿಳಿದು, ಹೆಣ್ಣುಮಕ್ಕಳಿಗೆ ಸಲ್ಲುವಂತೆ ಮಾಡಿಕೊಡಿ ಎಂದು ಕೇಳಿಕೊಂಡ. ಸರ್ಕಾರ ಒಪ್ಪಲಿಲ್ಲ.

ಇನ್ನು ಅವನ ಕಾಗದಗಳು. ಹಡಗಿನ ಕೋಣೆಯ ಮೇಜಿನ ಮುಂದೆ ದಿನವಿಡೀ ಬಾಗಿ ಕುಳಿತು ಸಿಸಿಲಿ, ಸಾರ್ಡೀನಿಯ, ತುರ್ಕಿ, ಈಜಿಪ್ಟ್, ಅಲ್ಜಿಯರ್ಸ್‌ಗಳ ರಾಜತಂತ್ರವನ್ನು ಬರವಣಿಗೆಯಿಂದಲೇ ನಡೆಸುತ್ತಿದ್ದವನು, ಅದೇ ಲೇಖನಿಯಿಂದ ಮಕ್ಕಳಿಗೂ ಬರೆಯುತ್ತಿದ್ದ. ಅವು ಒಣ ಉಪದೇಶವಲ್ಲ. ಪಾಠದ ಕೋಣೆಯನ್ನೇ ಅಂಚೆಯಲ್ಲಿ ಕಳಿಸುವ ಯತ್ನ. ಹೆಣ್ಣುಮಕ್ಕಳು ಹಾಡು ಕುಣಿತ ಕಲಿತರೆ ಸಾಕೆಂಬ ಕಾಲದಲ್ಲಿ ಅವನು ರೇಖಾಗಣಿತ ಕಲಿಯಲು ಹೇಳಿದ, ಚರಿತ್ರೆ ಓದಲು ಹೇಳಿದ. ಹರಿದ ಬಟ್ಟೆ ಹೊಲಿಯುವುದಿರಲಿ, ಸೂಕ್ಷ್ಮವಾದ ಕಲಾಕೃತಿ ಮಾಡುವುದಿರಲಿ, ಯಾವುದನ್ನೂ ಉದಾಸೀನದಿಂದ ಮಾಡಕೂಡದೆಂದ. ಒಂದು ಕಾಗದ ಬರೆಯುವಾಗಲೂ ಇದಕ್ಕಿಂತ ಚೆನ್ನಾಗಿ ಬರೆಯಲಾರೆ ಎನ್ನಿಸುವಂತೆ ಬರೆಯಬೇಕೆಂದು ತಿದ್ದಿದ. ಜೊತೆಗೆ ಮತ್ತೆ ಮತ್ತೆ ಒಂದು ಅಳಲು: ತನ್ನ ಮಕ್ಕಳಿಗೆ ತಾನು ಅಪರಿಚಿತನಾಗುತ್ತಿದ್ದೇನೆ.

ಈ ಅಳಲು ನಮ್ಮವರಿಗೆ ಅರ್ಥವಾಗದ್ದೇನಲ್ಲ. ಗಡಿಯ ಠಾಣೆಯಿಂದ, ವ್ಯಾಪಾರಿ ಹಡಗಿನಿಂದ, ಕೊಲ್ಲಿ ರಾಷ್ಟ್ರಗಳಿಂದ ಬರುತ್ತಿದ್ದ ನೀಲಿ ಕಾಗದಗಳಲ್ಲೇ ತಂದೆಯನ್ನು ಕಂಡು ಬೆಳೆದ ಒಂದು ತಲೆಮಾರು ನಮ್ಮಲ್ಲೂ ಇದೆ. ಅಂಥ ಮನೆಗಳಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಮನುಷ್ಯನದು. ಜ್ವರ ಬಂದ ರಾತ್ರಿ ಹಣೆ ಮುಟ್ಟಿ ನೋಡುವ ಕೈಯನ್ನು ಎಷ್ಟು ಸೊಗಸಾದ ಕಾಗದವೂ ತಂದುಕೊಡಲಾರದು.

ಕಾಲಿಂಗ್‌ವುಡ್‌ನ ಆರೋಗ್ಯ ಕುಸಿಯತೊಡಗಿತ್ತು. ಒಮ್ಮೆಯಂತೂ ಇಪ್ಪತ್ತೆರಡು ತಿಂಗಳು ಎಲ್ಲಿಯೂ ಲಂಗರು ಹಾಕದೆ ಕಡಲಿನಲ್ಲೇ ಇದ್ದವನು ಆತ. ಹೊಟ್ಟೆಯ ಬೇನೆ ವಿಪರೀತವಾದಾಗ, 1808ರಲ್ಲಿ, ತನ್ನನ್ನು ಬಿಡುಗಡೆ ಮಾಡಬೇಕೆಂದು ಬರೆದುಕೊಂಡ. ನೌಕಾ ಖಾತೆಯ ಮುಖ್ಯಸ್ಥನಾಗಿದ್ದ ಲಾರ್ಡ್ ಮಲ್‌ಗ್ರೇವ್ ಬಹು ಗೌರವದಿಂದ ಉತ್ತರಿಸಿದ. ಅದರ ಸಾರ ಇಷ್ಟೇ: ನಿಮ್ಮಂಥ ಇನ್ನೊಬ್ಬರಿಲ್ಲ, ದೇಶ ನಿಮ್ಮನ್ನು ಬಿಟ್ಟುಕೊಡಲಾರದು. ಕಾಲಿಂಗ್‌ವುಡ್ ಉಳಿದುಕೊಂಡ. 1809ರಲ್ಲಿ ಬೌನ್ಸ್ ರಾತ್ರಿಯ ಕತ್ತಲಲ್ಲಿ ನೀರಿಗೆ ಬಿದ್ದು ಸತ್ತಿತು. ಮಾರ್ಪೆತ್‌ನ ಅಂಗಳವನ್ನು ಬಲ್ಲ ಆ ಒಂದು ಜೀವವೂ ಅವನ ಜೊತೆಗಿಲ್ಲದಾಯಿತು.

ಕೊನೆಗೆ ಅನುಮತಿ ಬಂದಾಗ ನಿಲ್ಲುವ ಶಕ್ತಿಯೂ ಉಳಿದಿರಲಿಲ್ಲ. 1810ರ ಮಾರ್ಚ್ 3ರಂದು ಅಧಿಕಾರ ಬಿಟ್ಟುಕೊಟ್ಟ. 6ರಂದು ವಿಲ್ ದ ಪಾರಿ ಹಡಗು ಮಿನೋರ್ಕಾ ದ್ವೀಪದಿಂದ ಇಂಗ್ಲೆಂಡಿನತ್ತ ಹೊರಟಿತು. ಮರುದಿನ ಸಂಜೆ ಆತ ಕಡಲಿನ ಮೇಲೆಯೇ ಕಣ್ಣುಮುಚ್ಚಿದ. ಮನೆಯ ದಿಕ್ಕಿಗೆ ಅವನು ಮಾಡಿದ ಪಯಣ ಒಂದೇ ದಿನದ್ದು. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ನೆಲ್ಸನ್‌ನ ಪಕ್ಕದಲ್ಲಿ ಅವನನ್ನು ಮಣ್ಣುಮಾಡಿದರು. ಅವನಿಗೆ ಬೇಕಿದ್ದುದು ಮಾರ್ಪೆತ್. ದೇಶ ಕೊಟ್ಟದ್ದು ಲಂಡನ್. ಹಿರಿಯ ಮಗಳಿಗೆ ಆಗ ಹದಿನೇಳು.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ಅನಿವಾರ್ಯ ಎನಿಸಿದ್ದ ಈ ಮನುಷ್ಯ ಸತ್ತ ಮೇಲೆ ಏನಾಯಿತು? ಸರ್ ಚಾರ್ಲ್ಸ್ ಕಾಟನ್ ಎಂಬ ಅಡ್ಮಿರಲ್ ಆ ಸ್ಥಾನಕ್ಕೆ ಬಂದ. ಮರುವರ್ಷ ಸರ್ ಎಡ್ವರ್ಡ್ ಪೆಲ್ಯೂ ಬಂದ. ಮೆಡಿಟರೇನಿಯನ್ ಕೈಬಿಟ್ಟುಹೋಗಲಿಲ್ಲ, ನೆಪೋಲಿಯನ್ ಗೆಲ್ಲಲೂ ಇಲ್ಲ. ದೇಶಕ್ಕೆ ಇನ್ನೊಬ್ಬ ಸಿಕ್ಕಿದ. ಆ ಹೆಂಡತಿಗೆ, ಆ ಇಬ್ಬರು ಹುಡುಗಿಯರಿಗೆ ಇನ್ನೊಬ್ಬ ಸಿಗಲಿಲ್ಲ. ನಿಮ್ಮನ್ನು ಬಿಟ್ಟರೆ ಗತಿಯಿಲ್ಲ ಎಂಬ ಹೊಗಳಿಕೆಯಲ್ಲಿ ಸಂಸ್ಥೆಗಳು ತಮ್ಮ ಆಲಸ್ಯವನ್ನು ಮುಚ್ಚಿಟ್ಟುಕೊಳ್ಳುತ್ತವೆ. ಉತ್ತರಾಧಿಕಾರಿಯನ್ನು ಹುಡುಕುವ ಶ್ರಮಕ್ಕಿಂತ ದಣಿದವನ ಕರ್ತವ್ಯಪ್ರಜ್ಞೆಯನ್ನು ಮೀಟುವುದು ಅಗ್ಗ. ಆ ಮಾತನ್ನು ನಂಬಿದ ಕಾಲಿಂಗ್‌ವುಡ್‌ನ ಪಾಲೂ ಇದರಲ್ಲಿಲ್ಲವೆ? ಪದಕಕ್ಕಾಗಿ ಹಿಡಿದ ಪಟ್ಟನ್ನು ಮನೆಗಾಗಿ ಹಿಡಿಯಬಹುದಿತ್ತಲ್ಲವೆ? ತೀರ್ಪು ಕೊಡುವ ಹಕ್ಕು ಎರಡು ಶತಮಾನದ ಈಚೆ ಕುಳಿತ ನಮಗಿಲ್ಲ. ಕೇಳುವ ಹಕ್ಕಂತೂ ಇದೆ.

ಇನ್ನೂ ಒಂದು ಸಂಗತಿಯನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಕಾಲಿಂಗ್‌ವುಡ್‌ಗೆ ಓದುಬರಹವಿತ್ತು, ಅಳಿಯನಿದ್ದ. ಹಿರಿಯ ಮಗಳನ್ನು ಮದುವೆಯಾದ ನ್ಯೂನಮ್ ಆ ಮನೆತನದ ಹೆಸರನ್ನೂ ಸೇರಿಸಿಕೊಂಡು, 1828ರಲ್ಲಿ ಮಾವನ ಕಾಗದಗಳನ್ನು ಅಚ್ಚುಹಾಕಿಸಿದ. ಅದರಿಂದಲೇ ನಮಗೆ ಅವನ ಮನಸ್ಸು ಗೊತ್ತು. ಅದೇ ಹಡಗುಗಳಲ್ಲಿ ಬಲವಂತದಿಂದ ಹಿಡಿದು ತಂದ ಸಾವಿರಾರು ನಾವಿಕರಿದ್ದರು. ವರ್ಷಗಟ್ಟಲೆ ಅವರಿಗೆ ದಡಕ್ಕಿಳಿಯಲೂ ಬಿಡುತ್ತಿರಲಿಲ್ಲ. ಅವರಲ್ಲಿ ಹಲವರಿಗೆ ಅಕ್ಷರವೂ ಬಾರದು. ಅವರ ಮನೆಗಳ ಕತೆ ಯಾವ ಪುಸ್ತಕದಲ್ಲೂ ಇಲ್ಲ. ಒಬ್ಬ ಅಡ್ಮಿರಲ್‌ನ ವಿರಹವನ್ನು ಓದುವಾಗ ಆ ಮೂಕ ವಿರಹಗಳನ್ನೂ ಅದರೊಳಗೆ ಕೇಳಿಸಿಕೊಳ್ಳಬೇಕು.

ಅವನ ಓಕ್ ಬೀಜಗಳಿಗೂ ನಮ್ಮ ನೆಲಕ್ಕೂ ಒಂದು ನಂಟಿದೆ. ಬ್ರಿಟನ್ನಿನಲ್ಲಿ ಓಕ್ ಸಾಲದೆ ಹೋದಾಗ ನೌಕಾ ಖಾತೆಯ ಕಣ್ಣು ಬಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ತೇಗದ ಮೇಲೆ. ಹಡಗಿಗೆ ತೇಗ ಒದಗಿಸಲೆಂದೇ 1806ರಲ್ಲಿ ಮಲಬಾರಿನ ಕಾಡುಗಳಿಗೆ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಸಂರಕ್ಷಣಾಧಿಕಾರಿಯಾಗಿ ನೇಮಿಸಿದರು. ಕಾಲಿಂಗ್‌ವುಡ್ ತೀರಿಕೊಂಡ 1810ರಲ್ಲೇ, ಮೂರು ತಿಂಗಳ ನಂತರ, ಮುಂಬಯಿಯಲ್ಲಿ ಜಮ್‌ಷೆಡ್‌ಜಿ ಬೊಮನ್‌ಜಿ ವಾಡಿಯಾ ತೇಗದಿಂದ ಕಟ್ಟಿದ 74 ಫಿರಂಗಿಗಳ ಮಿಂಡೆನ್ ಹಡಗು ನೀರಿಗಿಳಿಯಿತು. 1817ರಲ್ಲಿ ಅಲ್ಲೇ ಕಟ್ಟಿದ ಟ್ರಿಂಕೊಮಾಲಿ ಇಂದಿಗೂ ಉಳಿದಿದೆ. ಅದು ನಿಂತಿರುವುದು ಕಾಲಿಂಗ್‌ವುಡ್‌ನ ಹುಟ್ಟೂರಿಗೆ ದೂರವಲ್ಲದ ಹಾರ್ಟಲ್‌ಪೂಲ್ ಬಂದರಿನಲ್ಲಿ. ಆತ ಜೀವ ತೇಯ್ದು ಕಾದ ಕಡಲು ಸಾಮ್ರಾಜ್ಯದ ಹೆದ್ದಾರಿಯಾಗಿತ್ತು; ನಾವು ಆ ಹೆದ್ದಾರಿಯ ಈ ತುದಿಯಲ್ಲಿದ್ದವರು. ಇದನ್ನು ಮರೆಯದೆಯೂ ಆ ಮನುಷ್ಯನಿಗಾಗಿ ಮರುಗಲು ಸಾಧ್ಯವೆಂದು ನಾನು ನಂಬುತ್ತೇನೆ.

ಟೈನ್ ನದಿಯ ಮುಖದಲ್ಲಿ, ಟೈನ್‌ಮತ್ ಎಂಬಲ್ಲಿ, 1845ರಲ್ಲಿ ನಿಲ್ಲಿಸಿದ ಅವನ ದೊಡ್ಡ ಪ್ರತಿಮೆ ಇದೆ. ಬುಡದಲ್ಲಿ ರಾಯಲ್ ಸಾವರಿನ್ ಹಡಗಿನ ನಾಲ್ಕು ಫಿರಂಗಿಗಳನ್ನಿಟ್ಟಿದ್ದಾರೆ. ಅವನ ಕಾಳಜಿಯ ಓಕ್‌ಗಳು ಬಲಿಯುವಷ್ಟರಲ್ಲಿ ಹಡಗುಗಳು ಕಬ್ಬಿಣದವಾಗಿದ್ದವು. ಯಾವ ನೌಕಾಪಡೆಗೂ ಬೇಡವಾದ ಆ ಮರಗಳು ಕೊಡಲಿಯಿಂದ ಪಾರಾದವು. ಅವನ ಇಚ್ಛೆಯಂತೆ ಹೆಂಡತಿ ನೆಡಿಸಿದ ಕೆಲವು ಓಕ್‌ಗಳು ಹೆತ್‌ಪೂಲ್ ಎಂಬ ಹಳ್ಳಿಯ ಗುಡ್ಡದ ಮೇಲೆ ಅವನ ಹೆಸರಿನಲ್ಲೇ ನಿಂತಿವೆ. ಯುದ್ಧಕ್ಕೆಂದು ನೆಟ್ಟವು ನೆರಳಿಗೆ ಒದಗಿದವು. ಬದುಕಿನುದ್ದಕ್ಕೂ ತನ್ನ ಮನೆಯ ನೆರಳಿಗೆ ಹಂಬಲಿಸಿದವನಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ಬೇರೆ ಬೇಕಿಲ್ಲ.